ಸುಡದ ಗುಡಾಣ

ಬಹಳ ಹಿಂದೆ, ಏಳು ಹೊಳೆ ದಾಟಿದವರಿಗೆ ಮಾತ್ರ ದಾರಿ ತೋರುತ್ತಿದ್ದ ಹೊಂಬಾಳಿ ಎಂಬ ರಾಜ್ಯವಿತ್ತು. ಅಲ್ಲಿಯ ರಾಜ ಬೂದಿಗಣ್ಣನೆಂಬ ಮಾಂತ್ರಿಕನನ್ನು ಸೆರೆಹಿಡಿದು ಬೆಟ್ಟದ ನೆತ್ತಿಯಲ್ಲಿ ಸುಡಿಸಿದ. ಅದೇ ತಪ್ಪಾಯಿತು. ಬೂದಿಗಣ್ಣ ಸಾಯಲಿಲ್ಲ. ಹೊಗೆಯಾಗಿ ಮೇಲೆದ್ದು, ಪುಡಿಯಾಗಿ ಉದುರಿದ. ಆ ಪುಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಬಿದ್ದ ಹುಲ್ಲು ಮೇಯ್ದ ಜಿಂಕೆಗಳು ಮೈಕೂದಲು ಉದುರಿ, ಮಲಗಿದಲ್ಲಿಂದ ಏಳಲಿಲ್ಲ.

ಹೆದರಿದ ರಾಜ ಎರಡನೆಯ ತಪ್ಪು ಮಾಡಿದ. ಬೆಟ್ಟವನ್ನು ತೊಳೆಯಿರಿ ಎಂದ. ಸಾವಿರ ಕೊಡ ನೀರು ಬಿತ್ತು. ನೀರಿನ ಬೆನ್ನೇರಿ ಬೂದಿಗಣ್ಣ ನೆಲದೊಳಗೆ ಇಳಿದ. ಇಳಿಜಾರಿನ ತುದಿಯಲ್ಲಿ ಕುಂಬಾರಹಟ್ಟಿಯ ಬಾವಿಯಿತ್ತು.

ಆ ಹಟ್ಟಿಯ ದೇವೀರಿ ತಿಗರಿಯ ಮುಂದೆ ಕೂತು ಮಡಕೆ ತಿದ್ದುತ್ತಿದ್ದಾಗ ಕಾಲಡಿಯ ನೆಲದೊಳಗಿಂದ ಬೂದಿಗಣ್ಣ ಮಾತಾಡಿದ.

"ಕುಂಬಾರ್ತಿ, ಮೂರನೆಯ ದಿನ ನಿನ್ನ ಬಾವಿಗೆ ಬರ್ತೀನಿ. ನಿನ್ನ ಮಗಳು ನೀರು ಕುಡೀತಾಳೆ. ಅವಳ ಹೊಟ್ಟೆಯಲ್ಲಿರೋ ಕೂಸಿನ ಮೈಯೊಳಗೆ ಮನೆ ಮಾಡ್ತೀನಿ."

ತಿರುಗುತ್ತಿದ್ದ ತಿಗರಿ ತಾನಾಗಿ ನಿಂತಿತು. ಬಾಗಿಲಲ್ಲಿ ಮಗಳು ಸೋಮಿ, ಎಂಟು ತಿಂಗಳ ಬಸುರಿ, ಕೊಡ ಹಿಡಿದು ನಿಂತಿದ್ದಳು.

"ನಾಡಿದ್ದಿನಿಂದ ಆ ಬಾವಿ ಮುಟ್ಟಬೇಡ" ಎಂದಳು ದೇವೀರಿ.

"ಬೇರೆ ನೀರು ಎರಡು ಹರದಾರಿ ಆಚೆ. ಏನು ಕುಡೀಲಿ ಅವ್ವ, ನಿನ್ನ ಬೈಗುಳಾನಾ?"

ದೇವೀರಿ ನಗಲಿಲ್ಲ. ಅದನ್ನು ಕಂಡು ಸೋಮಿಯೂ ನಗು ನಿಲ್ಲಿಸಿದಳು.

ಮೊದಲ ದಿನ ದೇವೀರಿ ಬೆಟ್ಟದ ಬುಡದ ಮರಳಿಗೆ ಕೈಮುಗಿದಳು. "ತಾಯೀ, ಅವನನ್ನು ಹಿಡೀತೀಯಾ?"

"ಹಿಡಿಯೋಕೆ ನನಗೆ ಕೈಯೆಲ್ಲಿದೆ ತಾಯಿ?" ಎಂದಿತು ಮರಳು. "ನನ್ನೊಳಗೆ ಇರೋದೆಲ್ಲ ಬೀದಿ, ಒಂದಕ್ಕೂ ಬಾಗಿಲಿಲ್ಲ."

ಆ ಮಾತು ಮುಗಿಯುವಷ್ಟರಲ್ಲಿ ಬೂದಿಗಣ್ಣ ಮರಳನ್ನು ದಾಟಿಯಾಗಿತ್ತು.

ಎರಡನೆಯ ದಿನ ಅವಳು ಕಾಡಿನ ಕಪ್ಪು ಮಣ್ಣಿಗೆ, ಎಲೆ ಕೊಳೆತು ಮೆತ್ತಗಾದ ಮಣ್ಣಿಗೆ ಕೈಮುಗಿದಳು. "ತಾಯೀ, ಅವನನ್ನು ಹಿಡೀತೀಯಾ?"

"ಹಿಡಿದೆ" ಎಂದಿತು ಮಣ್ಣು. ನಿಜಕ್ಕೂ ಹಿಡಿದಿತ್ತು. ದೇವೀರಿ ಉಸಿರುಬಿಟ್ಟು ಕೂತಳು. ಎದುರಿನ ಗಿಡದ ಚಿಗುರು ತಿಂದ ಮೇಕೆಯೊಂದು ತಲೆಯೆತ್ತಿತು. ಅದರ ಕಣ್ಣು ಬೂದಿಬಣ್ಣಕ್ಕೆ ತಿರುಗಿತ್ತು. ಕೆಚ್ಚಲು ತುಂಬಿತ್ತು.

"ಹಿಡಿದೆ ಅಂದೆಯಲ್ಲ!"

"ಹಿಡಿದೆ, ಬೇರುಗಳಿಗೆ ಬಡಿಸಿದೆ. ಬಡಿಸೋದೇ ನನ್ನ ಕೆಲಸ. ಅವನು ಬೇರು ಉಣ್ಣೋ ಬೂದಿಯ ಉಪ್ಪಿನ ವೇಷದಲ್ಲಿ ಬಂದ, ಹಸಿದ ಬೇರುಗಳು ನಮ್ಮವನೇ ಅಂದುಕೊಂಡವು."

ದೇವೀರಿ ಮೇಕೆಯನ್ನು ಕಟ್ಟಿಹಾಕಿ, ಹಾಲು ಕರೆಯಬೇಡಿರೆಂದು ಹಟ್ಟಿಗೆಲ್ಲ ಸಾರಿದಳು. ಮಡಕೆ ಸುಡುವ ತನ್ನ ಆವಿಗೆಯ ಬೂದಿಯನ್ನು ಬುಟ್ಟಿ ಬುಟ್ಟಿ ಹೊತ್ತು ತಂದು ಕಾಡಿಗೆ ಚೆಲ್ಲಿದಳು. ನಿಜವಾದ ಉಪ್ಪು ಉಂಡ ಬೇರುಗಳು ಬಾಯಿ ಮುಚ್ಚಿದವು. ಜಾಗ ಕಳೆದುಕೊಂಡ ಬೂದಿಗಣ್ಣ ಸಿಟ್ಟಿನಿಂದ ಇನ್ನೂ ಕೆಳಗೆ ನುಗ್ಗಿದ.

ಕಾಡಿಗೂ ಬಾವಿಗೂ ನಡುವೆ ಉಳಿದದ್ದು ಅವಳು ಮಡಕೆಗೆ ಮಣ್ಣು ತೋಡುವ ಜೇಡಿಯ ಗುಂಡಿ. ಮೂರನೆಯ ದಿನ ಅವಳು ಅಲ್ಲಿ ಕೈಮುಗಿದಳು. "ತಾಯೀ, ಅವನನ್ನು ಹಿಡೀತೀಯಾ?"

"ಹಿಡೀತಿದ್ದೆ" ಎಂದಿತು ಜೇಡಿ. "ಇಪ್ಪತ್ತು ವರ್ಷ ನನ್ನನ್ನು ತೋಡಿ ತೋಡಿ ತಳ ತೂತು ಮಾಡಿದವಳು ನೀನೇ ಅಲ್ಲವಾ? ಆ ತೂತಿನಿಂದ ನೇರ ಬಾವಿಗೆ ದಾರಿ."

 ದೇವೀರಿ ಗುಂಡಿಗಿಳಿದಳು. ಅಂಚಿನ ಮಣ್ಣನ್ನು ಚಿಟಿಕೆ ಚಿಟಿಕೆ ನಾಲಿಗೆಗಿಟ್ಟು ನೋಡಿದಳು. ನಾಲಿಗೆಗೆ ಅಂಟಿ ಬಿಡಲೊಲ್ಲದ ಮಣ್ಣೇ ಸೋರದ ಮಣ್ಣು. ಅತ್ತೆ ಕಲಿಸಿದ ಪಾಠ ಅದು. ಅಂಥ ಮಣ್ಣನ್ನೇ ತುಳಿದು, ಹದ ಮಾಡಿ, ತೂತಿನೊಳಗೆ ಆಳೆತ್ತರದ ಗುಡಾಣ ಕಟ್ಟಿದಳು. ಕೊನೆಯ ಹಿಡಿ ಮೆತ್ತಿ ಹೊರಗೆ ಬರುವುದಕ್ಕೂ ಬೂದಿಗಣ್ಣ ಅದರೊಳಗೆ ಬೀಳುವುದಕ್ಕೂ ಸರಿಹೋಯಿತು.

ಜೇಡಿಯೊಳಗೆ ಎಲೆಯ ಮೇಲೆ ಎಲೆ ಜೋಡಿಸಿದಂತೆ ಪದರಗಳಿದ್ದವು. ಜಾರಿಹೋಗುತ್ತೇನೆಂದು ಅವನು ಒಂದು ಸಂದಿಗೆ ನುಗ್ಗಿದ. ಸಂದಿ ಮುಚ್ಚಿಕೊಂಡಿತು. ದೇವೀರಿ ಗುಡಾಣದ ಬಾಯಿಗೆ ಜೇಡಿಯ ಮುಚ್ಚಳ ಮೆತ್ತಿದಳು.

ಒಳಗಿನಿಂದ ದನಿ ಬಂತು, ಈಗ ಮೆತ್ತಗೆ. "ಕುಂಬಾರ್ತಿ, ಗೆದ್ದೆ. ಆದರೆ ಹಸಿ ಗುಡಾಣ ಬಿಟ್ಟು ಎದ್ದುಹೋದವಳು ಅಂತ ಊರು ಆಡಿಕೊಳ್ಳುತ್ತೆ. ಸುತ್ತ ಸೌದೆ ಪೇರಿಸು. ಒಂದು ಸಲ ಸುಟ್ಟುಬಿಟ್ಟರೆ ಕಲ್ಲಾಗುತ್ತೆ, ನಾನು ಒಳಗೇ ಸಾಯ್ತೀನಿ."

ದೇವೀರಿ ತನ್ನ ಜನ್ಮದಲ್ಲಿ ಒಂದು ಮಡಕೆಯನ್ನೂ ಸುಡದೆ ಬಿಟ್ಟವಳಲ್ಲ. ಕೈ ತಾನಾಗಿ ಸೌದೆಯ ಕಡೆ ಹೋಯಿತು. ಒಂದು ಕೊರಡು ಇಟ್ಟಳು. ಎರಡನೆಯದು ಇಟ್ಟಳು. ಮೂರನೆಯದನ್ನು ಎತ್ತಿದಾಗ ಬೆಟ್ಟದ ನೆತ್ತಿಯ ಕರಿ ಕಲೆ ಕಣ್ಣಿಗೆ ಬಿತ್ತು.

"ರಾಜನೂ ನಿನ್ನನ್ನು ಸುಟ್ಟಿದ್ದ" ಎಂದು ಕೊರಡನ್ನು ಕೆಳಗೆ ಹಾಕಿದಳು. "ಊರು ಆಡಿಕೊಳ್ಳಲಿ."

ಒಳಗಿನವನು ಕಿರುಚಿದ. ಬಾವಿಯ ನೀರು ನಡುಗಿತು, ತಿಳಿಯಾಯಿತು.

ತಿಂಗಳಿಗೆ ಸೋಮಿ ಹೆತ್ತಳು. ದೇವೀರಿ ಕೂಸಿನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿದಳು. ಕಪ್ಪಗೆ, ಹೊಳೆಯುವ ಕಣ್ಣು. ಆಗ ಮಾತ್ರ ಅತ್ತಳು.

ಬೂದಿಗಣ್ಣನ ಕಸುವು ಮೂವತ್ತು ವರ್ಷಕ್ಕೆ ಅರ್ಧವಾಗುತ್ತದೆ, ಮತ್ತೆ ಮೂವತ್ತಕ್ಕೆ ಅದರರ್ಧ; ಬೇಗ ತೀರುವುದಿಲ್ಲ. ಅದಕ್ಕೇ ಹಟ್ಟಿಯ ಹೆಂಗಸರು ಮಳೆಗಾಲಕ್ಕೆ ಮುಂಚೆ ಗುಂಡಿ ಮುಚ್ಚಿ ಎಬ್ಬಿಸಿದ ದಿಬ್ಬಕ್ಕೆ ಹೊಸ ಜೇಡಿ ಮೆತ್ತುತ್ತಾರೆ, ಬಿರುಕು ಹುಡುಕುತ್ತಾರೆ. ಅಲ್ಲಿ ಯಾರೂ ಒಲೆ ಹೂಡುವುದಿಲ್ಲ. ಹಾಗೆ ಮೆತ್ತಿದ ಕೈ ತೊಳೆದುಕೊಂಡು, ಅದೇ ಬಾವಿಯ ನೀರು ಕುಡಿದು, ಹೊಂಬಾಳಿಯ ಜನ ಮಕ್ಕಳು ಮರಿಗಳೊಂದಿಗೆ ಸುಖವಾಗಿದ್ದಾರೆ.