ಹಸಿ ಗಂಟು

ನಗಬ್ಯಾಡ್ರಿ, ಇದು ಖರೆ ಆದದ್ದು. ಇಳಕಲ್ಲ ನೇಕಾರ ಓಣಿ ಅಂಬವ್ವನ ಗಂಡ ತೀರಿದ ಮ್ಯಾಲೆ ಅವರ ಹಳೇ ಪಿಕಪ್ ನಾ ತಗೊಂಡೆ. ಚಾಲೂ ಮಾಡಿದ್ರ ಮುದುಕನಂಗ ಕೆಮ್ಮತಿತ್ತು, ಆದ್ರ ನಮ್ಮ ಮನಿ ಒಲಿ ಉರಿಯೋದು ಅದರ ಮ್ಯಾಲೇ.

ಮಟಮಟ ಮಧ್ಯಾಹ್ನ ಸೀರಿ ಹೇರಿ, ಹಗ್ಗಕ್ಕ ಜಾರುಗಂಟು ಹಾಕಿ ಹುನಗುಂದಕ್ಕ ಹೊಂಟೆ. ದಾರ‍್ಯಾಗ ಖಾಲಿ ಸೀಟಿನಿಂದ ನೂಲಿಗೆ ಹಚ್ಚೋ ಗಂಜಿ ವಾಸನಿ ಬರ್ತಿತ್ತು. ಇಳಿದು ನೋಡಿದ್ರ ಹಗ್ಗಕ್ಕ ನಾ ಹಾಕಿದ್ದ ಗಂಟಿಲ್ಲ. ಹರಿದ ಎಳಿ ಜೋಡಸಾಕ ನೇಕಾರರು ಹಾಕ್ತಾರಲ್ಲ, ಆ ಗಂಟು ಬಿದ್ದಿತ್ತು. ಆ ಗಂಟೂ ತೊಯ್ದಿತ್ತು. ಹೋದಾಗೆಲ್ಲ ಹಿಂಗ.

ಅಂಬವ್ವಗ ಹೇಳಿದೆ.

“ನಮ್ಮವರು ಎಳಿ ನಾಲಿಗಿಗೆ ಹಚ್ಚೇ ಗಂಟು ಹಾಕ್ತಿದ್ರು ಶಿವಪುತ್ರಪ್ಪಾ,” ಅಂದ್ಲು. “ಸಡ್ಲು ಕಂಡ್ರ ಕೈ ಸುಮ್ಮನಿರ್ತಿದ್ದಿಲ್ಲ.”

“ಹಂಗಾರ ನಾ ಗಾಡಿ ಮಾರಿಬಿಡ್ತೇನಿ ಬೇ!”

ಬಾದಾಮ್ಯಾಗ ಗಿರಾಕಿ ಸಿಕ್ಕ. ಅವನ ಮನಿ ಮುಂದ ಗಾಡಿ ನಿಲ್ಲಿಸಿ ಇಳಿಯಾಕ ಹೋದ್ರ ಲುಂಗಿ ಜಗ್ಗಿತು.

“ಏನಲೇ, ಗಾಡಿ ಬಿಡಾಕ ಮನಸ್ಸಿಲ್ಲೇನು?” ಅಂತ ಗಿರಾಕಿ ನಕ್ಕ.

ಬಗ್ಗಿ ನೋಡಿದೆ. ಲುಂಗಿ ಅಂಚಿನ್ಯಾಗ ಬಿಚ್ಚಿದ್ದ ಎಳಿಗೋಳೆಲ್ಲ ಬ್ರೇಕ್ ಪೆಡಲ್ಲಿಗೆ ಒಂದೊಂದಾಗಿ ಗಂಟು ಬಿದ್ದಿದ್ವು. ಮುಟ್ಟಿದೆ. ಎಲ್ಲಾ ಇನ್ನೂ ಹಸಿ ಇದ್ವು.