ಕಟ್ಟಿ ಮ್ಯಾಲಿನ ಹಿತ್ತಾಳಿ ಗುಂಡಿ

"ಯಾರ್ ಮುಟ್ಟೀರಿ ಇದನ್ನ? ಖರೇ ಹೇಳ್ರಿ!"

ಗುಡ್ಡವ್ವ ಪಾಟಿಚೀಲ ಒಗದು, ಮನಿ ಮುಂದಿನ ಕಟ್ಟಿ ಹತ್ರ ನಿಂತು ಒದರಾಕತ್ತಿದ್ಲು. ಅರ್ಧ ಕೇಶ್ವಾಪುರಕ್ಕ ಕೇಳ್ತು. ಹತ್ತು ವರ್ಷದ ಹುಡುಗಿ, ದನಿ ಮಾತ್ರ ರೈಲ್ವೆ ವರ್ಕ್‌ಶಾಪಿನ ಭೋಂಗಾ.

ಒಳಗಿಂದ ಮುದಕವ್ವ ಆಯಿ, ಅಂದ್ರ ಅಪ್ಪನ ಅವ್ವ, ಹಿಟ್ಟಿನ ಕೈಲೇ ಓಡಿ ಬಂದ್ಲು.

"ಏನಾತಬೇ? ಹಾವು ಬಂತೇನು?"

"ಅಣ್ಣನ ಗುಂಡಿ ಮೂರು ಮನಿ ಮುಂದ ಹೋಗೇತಿ!"

"ಕೋಳಿ ಕಾಲು ಬಡದಿರಬೇಕು ತಗಿ."

"ಕೋಳಿಗೆ ಎಣಸಾಕ ಬರತೈತೇನು? ಈ ಮೀರಾಬೀನ ಮುಟ್ಟಿರಬೇಕು!"

ಬಾಜು ಮನಿ ಮೀರಾಬಿ ಹಿಂದ ನಿಂತಿದ್ಲು. "ಅಯ್ಯ ಇಕಿನ! ಮುಂಜಾನಿಂದ ನಿನ್ನ ಬಾಜೂಕ ಸಾಲ್ಯಾಗ ಕುಂತೇನಿ. ನನ್ನ ಕೈ ಏನು ಇಲ್ಲೀತನಕ ಉದ್ದ ಐತಿ?"

ಆ ಕಟ್ಟಿ ಹಾಸಗಲ್ಲಿನ ಮ್ಯಾಲೆ ಮೊಳಿಲೆ ಕೆತ್ತಿದ ಚೌಕಾಬಾರಾದ ಮನಿ ಇದ್ವು. ಕೆತ್ತಿದಾಂವ ಗುಡ್ಡವ್ವನ ಅಣ್ಣ ಸೋಮಪ್ಪ. ಮಿಲಿಟ್ರಿ ಸೇರಿದ್ದ. ಅರವತ್ತೆರಡನೇ ಇಸ್ವಿ ದಸರಾಕ್ಕ ರಜಾ ಹಾಕಿ ಊರಿಗೆ ಬಂದ. ನಾಕ ದಿನಕ್ಕ ತಾರು ಬಂತು, ಲಗೂ ಹೊಳ್ಳಿ ಬಾ ಅಂತ. ಚೀನಾದವರ ಕೂಡ ಯುದ್ಧ ಹತ್ತೂ ಹಂಗಿತ್ತು.

"ಟ್ರೇನಿಗೆ ಇನ್ನೂ ಟೈಮ್ ಐತಿ. ಬಾ, ಒಂದಾಟ. ಒಂದೊಂದ ಕಾಯಿ ಸಾಕು" ಅಂದ. ಗುಡ್ಡವ್ವಂದು ಹುಣಸಿ ಬೀಜ. ಅಂವಂದು ಹಳೇ ಯೂನಿಫಾರ್ಮಿನ ಹಿತ್ತಾಳಿ ಗುಂಡಿ.

ಆಟ ಗೊತ್ತಿಲ್ಲಾಂದ್ರ ಕೇಳ್ರಿ. ಕವಡಿ ಬಿದ್ದಷ್ಟು ಮನಿ ಕಾಯಿ ನಡಸಬೇಕು. ಮೊದ್ಲ ಹೊರಗಿನ ಸುತ್ತು, ಆಮ್ಯಾಲೆ ಒಳಗಿನ ಸುತ್ತು, ಕಡೀಕ ನಟ್ಟನಡುವಿನ ಮನಿ. ಅಲ್ಲಿ ಹೋದ್ರ ಕಾಯಿ ಹಣ್ಣಾತು. ಆದ್ರ ಎದುರಿನವರ ಕಾಯಿ ಇದ್ದ ಮನಿಗೆ ಹೋಗಿ ಅದನ್ನ ಕಡಿದು ಹೊರಗ ಹಾಕೂತನಕ ಒಳಗಿನ ಸುತ್ತಿಗೆ ಬಿಡಂಗಿಲ್ಲ. ಹೊರಗ ತಿರಗೂದ ತಿರಗೂದು! ಇನ್ನ ಗೀಟು ಹಾಕಿದ ಮನ್ಯಾಗ ಕುಂತವರನ್ನ ಯಾರೂ ಕಡಿಯಂಗಿಲ್ಲ.

ಗುಡ್ಡವ್ವ ಹೋಗಿ ಗೀಟಿನ ಮನ್ಯಾಗ ಕುಂತ್ಲು. ಕವಡಿ ಹಾಕಾಕಿ, ಕಾಯಿ ಮಾತ್ರ ಎಬ್ಬಸವಲ್ಲಳು. ಶುದ್ಧ ಅನ್ಯಾಯ.

"ಹೊರಗ ಬಾಬೇ ಹುಲಿ! ಒಮ್ಮೆ ಕಡಿಸ್ಕೊಂಡ್ರ ಏನಾಕ್ಕೈತಿ?"

"ಬರೂದಿಲ್ಲ. ನೀ ತಿರಗು."

ಟಾಂಗಾ ಬಂತು. ಸೋಮಪ್ಪ ಟ್ರಂಕ್ ಎತ್ತಿಕೊಂಡ. "ಆಟ ಹಂಗ ಇರ್ಲಿ, ಯಾರೂ ಕೈ ಹಚ್ಚಬ್ಯಾಡ್ರಿ. ಬಂದು ಮುಗಸ್ತೇನಿ."

ಅಂವಾ ಹೋದ, ಯುದ್ಧ ಹತ್ತಿತು. ಒಂದ ಒಂದು ಕಾರ್ಡು ಬಂತು: "ಇಲ್ಲಿ ಎಲ್ಲಿ ನೋಡಿದ್ರೂ ಬರ್ಫ. ಗುಡ್ಡಾ ಸುತ್ತಿ ಸುತ್ತಿ ಕಾಲು ಸೋತಾವು. ಗುಡ್ಡವ್ವನ ಬೀಜ ಎದ್ದೈತೇನು?"

ಆಮ್ಯಾಲೆ ಕಾರ್ಡಿಲ್ಲ. ಈಗ ನೋಡಿದ್ರ ಗುಂಡಿ ನಡದೈತಿ!

ಮರುದಿನ ಗುಡ್ಡವ್ವ ಗುಂಡಿ ಸುತ್ತಲೂ ಇದ್ದಲೀಲೆ ಗೆರಿ ಹೊಡದು ಸಾಲಿಗೆ ಹೋದ್ಲು. ಬಂದು ನೋಡ್ತಾಳ, ಗೆರಿ ಅಲ್ಲೇ ಐತಿ, ಗುಂಡಿ ನಾಕು ಮನಿ ಮುಂದ. ಮುಟ್ಟಿದ್ಲು, ಥಟ್ಟನ ಕೈ ಹಿಂದಕ್ಕ ತಗೊಂಡ್ಲು. ಬಿಸಿಲಿಗೆ ಕಾದ ಕಲ್ಲಿನ ಮ್ಯಾಲೆ ಗುಂಡಿ ಬರ್ಫಿನಂಗ ತಣ್ಣಗ ಕೊರೀತಿತ್ತು. ಕೆಳಗ ಒಂದೀಟು ನೀರು.

"ಆಯಿ, ಇಲ್ಲಿ ಮುಟ್ಟಿ ನೋಡು."

ಆಯಿ ಮುಟ್ಟಿದ್ಲು. ಸೆರಗಿಗೆ ಕೈ ಒರಸ್ಕೋತ ಒಳಗ ಹೋದ್ಲು. ಅವತ್ತಿಂದ ಕೋಳಿ ಸುದ್ದಿ ಎತ್ತಲಿಲ್ಲ.

ಗುಡ್ಡವ್ವ ಮಾತ್ರ ಕುಣದಾಡಿದ್ಲು. ಅಣ್ಣ ಅಲ್ಲಿಂದ ಆಡಾಕತ್ತಾನ! ದಿನಾ ಮುಂಜಾನೆ ತನ್ನ ಪಾಳಿ ಕವಡಿ ಹಾಕೂದು, ಬೀಜ ಮಾತ್ರ ಎಬ್ಬಸೂದಿಲ್ಲ.

"ಏಳಽ ಮಾರಾಯ್ತಿ, ಆಟ ಮುಗೀಲಿ" ಅಂದ್ಲು ಮೀರಾಬಿ.

"ಮುಗದ್ರ ಅಂವಾ ಯಾಕ ಬರ್ತಾನ? ಮುಗಸಾಕಂತನ ಬರಬೇಕು ಅಂವಾ."

ಯುದ್ಧ ನಿಂತಿತು. ಹೋಟೆಲ್ಲಿನ ರೇಡಿಯೋದಾಗ ಹೇಳಿದ್ರು. ಎಂಟು ದಿನಕ್ಕ ಇನ್ನೊಂದು ತಾರು ಬಂತು. ಸಾಲಿ ಮಾಸ್ತರ ಓದಿ ಹೇಳಿದ್ರು: "ಮಿಸ್ಸಿಂಗ್ ಅಂದ್ರ, ಸೋಮಪ್ಪ ಎಲ್ಲಿದಾನೋ ಸಿಕ್ಕಿಲ್ಲರಿ." ಅಪ್ಪ ಗಂಗಪ್ಪ ತಾರು ಹಿಡಕೊಂಡು ಕಟ್ಟಿ ಮ್ಯಾಲೆ ಕುಸದ. ಆಗೂ ಆಟದ ಮನಿ ಬಿಟ್ಟು ಸರದು ಕುಂತ.

ಅವತ್ತಿಂದ ಗುಂಡಿ ನಡಿಗಿ ಕಮ್ಮಿ ಆತು. ದಿನಕ್ಕ ಒಂದ ಮನಿ. ಹಿತ್ತಾಳಿ ಮಬ್ಬು ಹಿಡೀತು. ನಿಂತಲ್ಲೆಲ್ಲಾ ಕಲ್ಲು ಒದ್ದಿ. ಒಳಗಿನ ಸುತ್ತಿನ ಬಾಗಲಕ್ಕ ಬರೂದು, ಒಳಗ ಹೋಗದ ಮತ್ತ ಹೊರಗಿನ ಸುತ್ತು ಹಿಡಿಯೂದು.

ಮೀರಾಬಿ ಗಲ್ಲಕ್ಕ ಕೈ ಹಚ್ಚಿ ನೋಡಾಕತ್ತಿದ್ಲು. "ಪಾಪ. ಎಷ್ಟು ಥಂಡಿ ಹತ್ತಿರಬೇಕ ಅಂವಗ. ಒಳಗ ಹೋಗಾಕ ನೀನ ಬಿಡವಲ್ಲಿ."

ಗುಡ್ಡವ್ವ ಆಕಿ ಬೆನ್ನಿಗೆ ಒಂದು ಗುದ್ದು ಹಾಕಿದ್ಲು. "ಹೋಗ ನಿಮ್ಮನಿಗೆ!" ಮೀರಾಬಿ ಹೋದ್ಲು. ಗುಡ್ಡವ್ವ ಅಲ್ಲೇ ಕುಂತು ಗುಂಡಿಗೆ ತನ್ನ ಲಂಗದ ಅಂಚು ಹೊಚ್ಚಿದ್ಲು. ಲಂಗ ಒದ್ದಿ ಆತು, ಗುಂಡಿ ಬೆಚ್ಚಗ ಆಗಲಿಲ್ಲ.

ಮುಂಜಾನೆ ಎದ್ದಾಕಿನ ಕವಡಿ ಹಾಕಿದ್ಲು. ಎರಡು ಬಿತ್ತು. ಭಾಳ ಹೊತ್ತು ಬೀಜದ ಮ್ಯಾಲೆ ಬೆರಳಿಟ್ಟು ಕುಂತ್ಲು. ಆಮ್ಯಾಲೆ ಎತ್ತಿದ್ಲು. ಒಂದು. ಎರಡು. ಗೀಟು ಇಲ್ಲದ ಮನಿ, ಗುಂಡಿಯ ನೆಟ್ಟ ಮುಂದ.

"ಎದ್ದೇನಿ ನೋಡಪಾ ಅಣ್ಣಾ" ಅಂದ್ಲು. "ಕಡಿ."

ಅವತ್ತ ಸಾಲಿ ಬಿಟ್ಟಾಗ ಎಲ್ಲಾರೂ ಓಡಿದ್ರು. ಗುಡ್ಡವ್ವ ನಡಕೋತ ಬಂದ್ಲು.

ಹುಣಸಿ ಬೀಜ ಆಟದ ಮನಿ ಹೊರಗ, ಆಕಿ ಕುಂದ್ರೂ ಜಾಗಾದಾಗ ಇತ್ತು. ಕಡದ ಕಾಯಿ ಮಂದಿ ಒಗೀತಾರ. ಅಣ್ಣ ಮಾತ್ರ ಯಾವಾಗಲೂ ಹಂಗ, ಸಾವಕಾಶ ಆಕಿ ಮುಂದ ಇಡತಿದ್ದ.

ಗುಂಡಿ ನಟ್ಟನಡುವಿನ ಮನ್ಯಾಗ ಥಳಥಳ ಹೊಳೀತಿತ್ತು. ಸುತ್ತ ಕಲ್ಲು ಒಣಗಿತ್ತು.

ಬಾಗಲದಾಗ ಆಯಿ ಬಂದು ನಿಂತ್ಲು. "ಯಾರು ಗೆದ್ರವಾ?"

"ಅಣ್ಣ."

ಆಯಿ ಗ್ವಾಡಿ ಹಿಡಕೊಂಡು ಸಾವಕಾಶ ಕುಂತ್ಲು. ಗುಂಡಿ ಮ್ಯಾಲೆ ಅಂಗೈ ಇಟ್ಲು. ಹಂಗ ಇಟ್ಟಕೊಂಡಳು, ಜ್ವರಾ ಬಂದ ಕೂಸಿನ ಹಣಿ ಮುಟ್ಟಿದಂಗ.

"ಬೆಚ್ಚಗದಾನ" ಅಂದ್ಲು.

ಓಣಿ ತುದ್ಯಾಗ ಪೋಸ್ಟಿನವರ ಸೈಕಲ್ ಗಂಟಿ ಕೇಳ್ತು. ದಿನಾ ಆ ಗಂಟಿಗೆ ಬರಿಗಾಲಿಲೆ ಓಡಾಕಿ ಗುಡ್ಡವ್ವ. ಇವತ್ತ ಏಳಲಿಲ್ಲ. ಹುಣಸಿ ಬೀಜ ಮುಟಗ್ಯಾಗ ಹಿಡದು, ಆಯಿ ಮಗ್ಗಲಕ್ಕ ಸರದು ಕುಂತ್ಲು.