ಬೇಕರಿಯವನ ಕೋಟಿನ ಗುಂಡಿ

ಏಳು ಸಮುದ್ರದಾಚೆಯೇನಲ್ಲ, ಬಸ್ ಸ್ಟಾಪಿನಾಚೆಯ ಒಂದು ಬೀದಿಯಲ್ಲಿ, ಒಂದಾನೊಂದು ಕಾಲದಲ್ಲಿ ಒಬ್ಬಳು ಟೈಲರ್ ಹುಡುಗಿ ಇದ್ದಳು. ಯಾವ ರಾಕ್ಷಸಿಯ ಶಾಪವೋ ಏನೋ, ‘ಆಗಲ್ಲ’ ಎಂಬ ಮಾತು ಮಾತ್ರ ಅವಳ ಬಾಯಿಂದ ಹೊರಡುತ್ತಿರಲಿಲ್ಲ. ಚರ್ಚಿನಲ್ಲಿ ಹಾಡುವ ಕ್ವಾಯರಿನವರ ನಿಲುವಂಗಿ? ಹೂಂ. ಸಂಡೇ ಸ್ಕೂಲಿನ ನಾಟಕಕ್ಕೆ ಕುರಿಮರಿಯ ಬಾಲ? ಹೂಂ. ದೇವರ ಕೆಲಸಕ್ಕೆ ಇಲ್ಲವೆಂದರೆ ದೇವರಿಗೇ ಇಲ್ಲವೆಂದಂತೆ ಎಂದು ಅವಳ ನಂಬಿಕೆ.

ಹೀಗಾಗಿ ಬೇಕರಿಯವನ ಕೋಟಿಗೆ ಒಂದೇ ಒಂದು ಗುಂಡಿ ಹಾಕುವ ಕೆಲಸ ವಾರದಿಂದ ವಾರಕ್ಕೆ ಜಾರುತ್ತಿತ್ತು.

ಬರೀ ಗುಂಡಿಯಾಗಿದ್ದರೆ ಚಿಂತೆಯಿರಲಿಲ್ಲ. ಕೋಟು ಕೊಟ್ಟ ದಿನ ಅವನು ಕಿವಿ ಕೆಂಪಗೆ ಮಾಡಿಕೊಂಡು, “ನನ್ನನ್ನ ಮದುವೆ ಆಗ್ತೀರಾ?” ಎಂದೂ ಕೇಳಿದ್ದ. ಅವಳು ಗಾಬರಿಯಲ್ಲಿ, “ಗುಂಡಿ ಹಾಕಿ ಕೊಡೋ ದಿನ ಹೇಳ್ತೀನಿ” ಎಂದುಬಿಟ್ಟಿದ್ದಳು. ಉತ್ತರ ಆಗಲೇ ನಾಲಿಗೆಯ ತುದಿಯಲ್ಲಿತ್ತು. ಒಂದು ಸಂಜೆ ಬಿಡುವು ಮಾಡಿಕೊಂಡು, ಚೆನ್ನಾಗಿ ತಲೆ ಬಾಚಿಕೊಂಡು ಹೇಳಬೇಕೆಂಬ ಆಸೆ. ಆ ಸಂಜೆ ಬರಲೇ ಇಲ್ಲ.

ಶನಿವಾರ ಅವನೇ ಬಂದ. ರೆಪ್ಪೆಯ ಮೇಲೆ ಮೈದಾ ಹಿಟ್ಟು ಹಾಗೇ ಇತ್ತು. ನಗು ಇರಲಿಲ್ಲ.

“ಕೋಟು ಕೊಟ್ಟುಬಿಡಿ. ಅರ್ಥ ಆಯ್ತು.”

“ಏನರ್ಥ ಆಯ್ತು?”

“ಮುಖ ಮುರಿಯೋ ಹಾಗೆ ಹೇಳೋಕೆ ನಿಮಗೆ ಬರಲ್ಲ. ಅದಕ್ಕೇ ಗುಂಡಿ ಹಾಕ್ತಿಲ್ಲ. ಬೇಜಾರಿಲ್ಲ ಬಿಡಿ. ಕ್ವಾಯರಲ್ಲಿ ಇನ್ಮೇಲೆ ನಿಮ್ಮಿಂದ ಸ್ವಲ್ಪ ದೂರ ನಿಲ್ತೀನಿ, ಅಷ್ಟೇ.”

ಅವಳು ಹಾಗಲ್ಲವೆನ್ನಲು ಬಾಯಿ ತೆರೆಯುವಷ್ಟರಲ್ಲಿ ಪಾಸ್ಟರಮ್ಮ ಬಟ್ಟೆಯ ಮೂಟೆ ಹೊತ್ತು ಒಳನುಗ್ಗಿದರು. “ಮಗಳೇ, ಚರ್ಚಿನ ಪರದೆ! ನಾಳೆ ಆರಾಧನೆಗೆ ಬೇಕಿತ್ತು.”

‘ಹೂಂ’ ಗಂಟಲವರೆಗೆ ಬಂತು. ಮೂಲೆಯಲ್ಲಿ ಕಾಜಾ ಹೊಲಿಯುತ್ತಿದ್ದ ಅಜ್ಜಿ ಕನ್ನಡಕದ ಮೇಲಿಂದ ನೋಡಿದಳು.

“ಜನ ಹುಡುಕ್ತಾ ಇದ್ರೂ ಯೇಸಪ್ಪ ಎದ್ದು ಪ್ರಾರ್ಥನೆಗೆ ಅಂತ ಬೆಟ್ಟಕ್ಕೆ ಹೋಗ್ತಿದ್ದ ಕಣೇ. ನಿನಗೆ ಅವನಿಗಿಂತ ಜಾಸ್ತಿ ಕೆಲಸಾನಾ? ಈ ಹುಡುಗನಿಗೆ ಕೊಟ್ಟ ಮಾತನ್ನೂ ದೇವರು ಕೇಳಿಸ್ಕೊಂಡಿದ್ದಾನೆ.”

ಹುಡುಗಿ ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. “ಅಮ್ಮಾ... ಆಗಲ್ಲ.”

ಆಕಾಶವೇನೂ ಕಳಚಿ ಬೀಳಲಿಲ್ಲ.

“ಆಗಲ್ಲ ಅಂದ್ರೆ ಬೇಡ ಬಿಡೇ!” ಪಾಸ್ಟರಮ್ಮ ನಕ್ಕರು. “ನೀನು ಹೂಂ ಅಂತೀಯ ಅಂತ ನಾನು ತರ್ತಿದ್ದೆ. ಹಳೇ ಪರದೆ ಇನ್ನೂ ಗಟ್ಟಿಯಾಗೇ ಇದೆ.” ಇಬ್ಬರನ್ನೂ ಒಮ್ಮೆ ನೋಡಿ, ಮೂಟೆಯ ಸಮೇತ ಮೆಲ್ಲನೆ ಜಾರಿಕೊಂಡರು.

ಅವಳು ಕೋಟು ತಂದು ಅವನ ಕೈಗಿಟ್ಟಳು. ಅವನ ಮುಖ ಬಾಡಿತು.

“ಹಾಕ್ಕೊಳ್ಳಿ,” ಎಂದಳು, ಸೂಜಿಗೆ ದಾರ ಪೋಣಿಸುತ್ತಾ. “ಅಲ್ಲಾಡಬೇಡಿ. ಚುಚ್ಚಿದ್ರೆ ನನ್ನ ಬೈಬೇಡಿ.”

ಗುಂಡಿಯ ಜಾಗ ಸರಿಯಾಗಿ ಎದೆಯ ಮೇಲೆ. ಬಿಸಿ ಬ್ರೆಡ್ಡಿನ ಘಮ. ಅವನ ಕಿವಿ ಮತ್ತೆ ಕೆಂಪಾಯಿತು.

“ಉಸಿರಾಡಬಹುದಾ?”

“ಸ್ವಲ್ಪ ಸ್ವಲ್ಪ.”

“ಹಾಗಾದ್ರೆ ಉತ್ತರ...”

“ಗುಂಡಿ ಮುಗೀಲಿ. ಮಾತು ಅಂದ್ರೆ ಮಾತು.”

ಅಜ್ಜಿ ಕೆಮ್ಮು ಬಂದವಳಂತೆ ಗೋಡೆಯ ಕಡೆ ತಿರುಗಿದಳು. ಸೂಜಿ ಹೋಗಿ ಬಂತು, ಹೋಗಿ ಬಂತು. ಅವಳು ಗಂಟು ಹಾಕಿದಳು. ಕತ್ತರಿ ಕೈಗೆಟುಕುವಲ್ಲೇ ಇತ್ತು. ಆದರೂ ಬಾಗಿ, ಅವನ ಎದೆಗೆ ಹಣೆ ತಾಗಿಸಿ, ಹಲ್ಲಿನಿಂದ ದಾರ ಕಡಿದಳು.

“ಹೂಂ,” ಎಂದಳು.